ಆ ಆಕ್ಸಲ್ಲಿಗೆ ಹೊಸ ಬಣ್ಣ ಯಾಕೆ?

ರೀ,

ಕೆಲಸಕ್ಕೆ ಹೊರಟೆ, ನಿಮ್ಮನ್ನು ಎಬ್ಬಿಸಲಿಲ್ಲ. ಲಾರಿಗೆ ಹಿಂದಿನ ಆಕ್ಸಲ್ ತರಲು ಗುಜರಿಗೆ ಹೋಗುವ ಮುಂಚೆ ಇದನ್ನು ಓದಿ.

ನಿನ್ನೆ ನಿಮಗೆ ಹೇಳದೆ ನಾನೇ ಹೋಗಿ ನೋಡಿ ಬಂದೆ. ಕೋಪ ಬೇಡ. ಸುತ್ತ ಎಲ್ಲವೂ ತುಕ್ಕು ಹಿಡಿದು ಬಿದ್ದಿರುವಾಗ ಅದೊಂದು ಮಾತ್ರ ಕಪ್ಪು ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು.

"ಇದಕ್ಕೆ ಮಾತ್ರ ಯಾಕಪ್ಪಾ ಇಷ್ಟು ಉಪಚಾರ?" ಅಂದೆ.

"ನಿಮ್ಮ ಯಜಮಾನ್ರಿಗೆ ಅಂತಾನೇ ಮಾಡ್ಸಿದ್ದು ಅಕ್ಕಾ" ಅಂದ ಗುಜರಿಯವನು.

ಅವನು ಅತ್ತ ತಿರುಗಿದಾಗ ಕೀಲಿಕೈಯಿಂದ ಕೆರೆದೆ. ತಳದಲ್ಲಿ ಬೆರಳುದ್ದ ವೆಲ್ಡಿಂಗ್. ಬಿರುಕು ಬಿಟ್ಟದ್ದನ್ನು ಬೆಸೆದು ಬಣ್ಣ ಬಳಿದಿದ್ದಾನೆ. ಕೇಳಿದರೆ "ಕಂಪನೀಲೇ ಹಾಗೆ ಬರುತ್ತೆ" ಅಂತೆ! ಬೆಳಗಿನಿಂದ ಸಂಜೆವರೆಗೆ ವೆಲ್ಡಿಂಗ್ ಮಾಡುವವಳ ಮುಂದೆ ಈ ಮಾತು.

ಅದು ಬೇಡವೇ ಬೇಡ. ಬೇರೆ ತೋರಿಸಿದರೆ ಟಾರ್ಚ್ ಹಾಕಿ ತಳ ನೋಡಿ. ಒಳಗಿನ ಆಯಿಲ್ ಸ್ವಲ್ಪ ಇಳಿಸಿ ಬೆರಳಲ್ಲಿ ಉಜ್ಜಿ. ಲೋಹದ ಚೂರು ಸಿಕ್ಕರೆ ಗೇರಿನ ಹಲ್ಲು ಮುರಿದಿದೆ ಅಂತಲೇ ಅರ್ಥ. ಚಕ್ರ ಕೂರುವ ಹಬ್ ತಿರುಗಿಸಿ ಕಿವಿಗೊಟ್ಟು ಕೇಳಿ, ಕಟಕಟ ಅಂದರೆ ಎದ್ದು ಬನ್ನಿ. ಅವನು ಟೀ ತರಿಸಿ ಹೆಗಲ ಮೇಲೆ ಕೈ ಹಾಕುತ್ತಾನೆ, ನೀವು ಕರಗಿಬಿಡುತ್ತೀರಿ. ನನಗೆ ಅದೇ ಭಯ.

ಬರಿಗೈಯಲ್ಲಿ ಬಂದರೂ ಪರವಾಗಿಲ್ಲ. ಕೆಲಸವಿಲ್ಲದೆ ನೀವು ಮನೆಯಲ್ಲಿ ಕೂತು ಗೊಣಗುವುದನ್ನು ಎಷ್ಟು ದಿನ ಬೇಕಾದರೂ ಕೇಳಿಕೊಂಡೇನು. ಯಾವುದೋ ಇಳಿಜಾರಿನಿಂದ ನಿಮ್ಮ ಫೋನಿನಲ್ಲಿ ಬೇರೆ ಯಾರದೋ ದನಿ ಕೇಳಲಾರೆ.