ಹೊಸ್ತಿಲ ಮೇಲಿನ ಎಪ್ಪತ್ತು

ಗದಗ
ಆಷಾಢದ ಮೂವತ್ತೇಳನೆಯ ದಿನ, ೨೨೬೩

ಡಾಕ್ಟರ್ ಇಂದುಮತಿ ಅಜ್ಜಿಯವರ ಸನ್ನಿಧಾನಕ್ಕೆ, ಏಳು ತಲೆಮಾರು ಕೆಳಗಿನ ಮೊಮ್ಮಗಳು ಶಿವಗಂಗೆಯ ಶರಣು.

ಮೂವತ್ತೇಳನೆಯ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮ ತಿಂಗಳು ನಲವತ್ತು ದಿನದ್ದು. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾಟಕ ಕಂಪನಿಯಲ್ಲಿ ಹುಟ್ಟಿದವಳು ನಾನು. ಕೊನೆಯ ಬೆಂಚಿಗೂ ಕೇಳುವಂತೆ ಮಾತಾಡಿ ರೂಢಿ. ಈ ಸಲವಂತೂ ಕೊನೆಯ ಬೆಂಚು ಇನ್ನೂರ ಮೂವತ್ತು ವರ್ಷ ಹಿಂದಿದೆ.

ನೀವು ಹೊಸ್ತಿಲನ್ನು ತುಳಿಯುತ್ತಿರಲಿಲ್ಲವಂತೆ. ಅರಿಸಿನ ಹಚ್ಚಿ, ಕುಂಕುಮವಿಟ್ಟು, ದಾಟಿ ಹೋಗುತ್ತಿದ್ದಿರಂತೆ. ನಮ್ಮಲ್ಲಿ ತುಳಿಯಲೇಬೇಕು. ಮದುವೆಯಾಗಿ ಎರಡು ವರ್ಷವಾದರೂ ಬಸಿರಾಗದ, ಮೈ ದಪ್ಪಗಿರುವ ಹೆಣ್ಣಿನ ಮನೆಗೆ ತೂಕಹೊಸ್ತಿಲು ಕೂರಿಸುತ್ತಾರೆ. ಮರದೊಳಗೆ ತಕ್ಕಡಿ, ಬಾಗಿಲ ಮೇಲೆ ಅಂಕಿಯ ದೀಪ. ದಿನಾ ಬೆಳಿಗ್ಗೆ ಅವಳು ನಿಲ್ಲಬೇಕು, ಓಣಿಯೆಲ್ಲ ಓದಬೇಕು. ಎಪ್ಪತ್ತು ಕಿಲೋಗೆ ಇಳಿದರೆ ಗರ್ಭಸರದಿ, ಅಂದರೆ ಮಕ್ಕಳಾಗುವ ಚಿಕಿತ್ಸೆಯ ಸಾಲಿನಲ್ಲಿ ಜಾಗ. ಅಲ್ಲಿಯವರೆಗೆ ಯಾವ ವೈದ್ಯರೂ ನಾಡಿ ಹಿಡಿಯುವಂತಿಲ್ಲ.

ನನ್ನ ಅಕ್ಕ ಮಹಾನಂದಾ ನಮ್ಮ ಕಂಪನಿಯ ಭೀಮ. ನೂರಾ ನಾಲ್ಕು ಕಿಲೋ. ಅವಳು ಗದೆ ಊರಿದರೆ ರಂಗದ ಹಲಗೆಗಳು ಗುಡುಗುತ್ತಿದ್ದವು. ಮೂವತ್ತೊಂದನೆಯ ವಯಸ್ಸಿನಲ್ಲಿ ಹೊಸ್ತಿಲು ಹತ್ತಿದಳು. ನಿಲ್ಲುವ ಮುನ್ನ ಬಳೆ ತೆಗೆದಳು, ಮೂಗುತಿ ತೆಗೆದಳು, ಒಂದು ವರ್ಷ ಜಡೆಯನ್ನೂ ಕತ್ತರಿಸಿದಳು. ಎದುರುಮನೆಯ ಪಾರವ್ವ ಕಸ ಗುಡಿಸುತ್ತಲೇ ಅಂಕಿ ಓದುವಳು: “ಏನವಾ ಭೀಮಸೇನ, ನಿನ್ನೆಗಿಂತ ಕಾಲ್ ಕಿಲೋ ಏರೈತಿ. ಕನಸಿನ್ಯಾಗ ಹೋಳಿಗಿ ತಿಂದ್ಯೇನ?” ಅಕ್ಕ ಬಿಡುತ್ತಿರಲಿಲ್ಲ: “ತಿಂದೀನವಾ, ನಿನ್ನ ಪಾಲಿಂದೂ ತಿಂದೀನಿ.” ಇಳಿಯುವಳು, ಮತ್ತೆ ಏರುವಳು. ಹನ್ನೆರಡು ವರ್ಷ ಕಳೆದು ದೀಪದಲ್ಲಿ ಎಪ್ಪತ್ತು ಬೆಳಗಿದ ದಿನ ಓಣಿಯೇ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಗದೆ ಎತ್ತುವ ಕಸುವು ಹೋಗಿತ್ತು. ಪರೀಕ್ಷೆ ಮಾಡಿದ ವೈದ್ಯೆ ತಲೆ ತಗ್ಗಿಸಿ ಅಂದಳು, “ತೂಕ ಬರೋಬ್ಬರಿ ಐತಿ, ಅಕ್ಕಾ. ವಯಸ್ಸು ಮೀರೈತಿ.”

ಈ ಕಾಯಿದೆಯ ಮೂಲ ಯಾವುದು, ಅಜ್ಜಿ? ನಿಮ್ಮ ದವಾಖಾನೆಯ ಹಲಗೆ. “ಮೊದಲು ತೂಕ ಇಳಿಸಿ” ಎಂದಷ್ಟೇ ಅದರಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರೆ. ನಿಮ್ಮ ದಿನಚರಿ ಮಾತ್ರ ನಮ್ಮ ಮನೆಯಲ್ಲಿದೆ. ನೀವು ಬರೆಯಿಸಹೊರಟಿದ್ದು ಇಷ್ಟುದ್ದ: “ಮೊದಲು ತೂಕ ಇಳಿಸಿ, ವಯಸ್ಸು ಕಾಯದಿದ್ದರೆ ಚಿಕಿತ್ಸೆಯೂ ಜೊತೆಗೇ.” ಹಲಗೆ ಸಾಲಲಿಲ್ಲ ಎಂದು ಪೇಂಟರ್ ಹೇಳಿದ. “ಇರಲಿ ಬಿಡಪಾ, ಉಳಿದದ್ದು ನಾ ಬಾಯಿಲೇ ಹೇಳ್ತೀನಿ” ಅಂದಿರಿ. ಹೇಳಿದಿರಿ ಕೂಡ. ತೂಕ ಇಳಿದರೆ ಕೆಲವರ ಮುಟ್ಟು ಸರಿಹೋಗುತ್ತದೆ, ಬಸಿರು ಹಗುರಾಗುತ್ತದೆ, ಅದು ಸುಳ್ಳಲ್ಲ. ಆದರೆ ಬಾಯಿ ನಿಮ್ಮೊಂದಿಗೆ ಹೋಯಿತು, ಹಲಗೆ ಉಳಿಯಿತು.

ನಾಳೆ ಬೆಳಿಗ್ಗೆ ನನ್ನ ಮಗಳು ನೀಲಾಂಬಿಕೆ ಮೊದಲ ಸಲ ಹೊಸ್ತಿಲು ಹತ್ತುತ್ತಾಳೆ. ಅವಳಿಗೆ ಈಗಲೇ ಮೂವತ್ತಾರು. ಪಾರವ್ವನ ಮೊಮ್ಮಗಳು ಕಸಬರಿಗೆ ಹಿಡಿದು ಸಿದ್ಧಳಾಗಿದ್ದಾಳೆ.

ಪೇಂಟರನನ್ನು ವಾಪಸು ಕರೆಸಿ, ಅಜ್ಜಿ. ಇನ್ನೊಂದು ಹಲಗೆ ಜೋಡಿಸಿ, ಉಳಿದ ಅರ್ಧ ಬರೆಸಿ. ನೀವು ಬರೆಸಿದ ಗಳಿಗೆ ತೂಕಹೊಸ್ತಿಲು ಇರುವುದಿಲ್ಲ, ನನಗೆ ಈ ಪತ್ರ ಬರೆಯುವ ಕಾರಣವೂ ಇರುವುದಿಲ್ಲ. ನಿಮ್ಮ ಕೈಯಿಂದ ಕಾಗದ ಮಾಯವಾಗುತ್ತದೆ.

ಇನ್ನೂ ಓದುತ್ತಿದ್ದೀರಿ ಎಂದರೆ, ಇನ್ನೂ ಬರೆಸಿಲ್ಲ.