ಕಪ್ಪು ಗಾಜು ಬೇಡ

ಶೇಡಬಾಳ, ಗುರುವಾರ

ನಿಪ್ಪಾಣಿಯ ಗಾಜಿನಂಗಡಿಯ ಸಂಭಾಜಿ ಅಣ್ಣನವರಿಗೆ ರೂಪಾಲಿಯ ನಮಸ್ಕಾರ.

ನಮ್ಮ ಮನೆಯ ಪಡುವಣಕ್ಕೆ ನೀವು ಕಟ್ಟುತ್ತಿರುವ ಬಿಸಿಲುಕೋಣೆಗೆ ಕಪ್ಪು ಗಾಜು ಬೇಡ. ಬೇಸಿಗೆಗೆ ತಂಪು ಎಂದು ನಾನೇ ಒಪ್ಪಿದ್ದೆ, ನಿಜ. ಆದರೆ ನೀವು ಸ್ಯಾಂಪಲ್ಲಿಗೆಂದು ಕೂರಿಸಿಹೋದ ಗಾಜಿನ ಮುಂದೆಯೇ ಅತ್ತೆ ಭಾನುವಾರ, ನಾನು ರಜೆಯಲ್ಲಿ ಮನೆಯಲ್ಲಿದ್ದಾಗ, ಸಂಜೆ ಊಟಕ್ಕೆ ಕುಳಿತರು. ಜೈನರ ಮನೆಯ ಹಿರಿಯರು ಕತ್ತಲಾದ ಮೇಲೆ ಉಣ್ಣುವುದಿಲ್ಲ, ನಿಮಗೆ ಗೊತ್ತೇ ಇದೆ. ಗಾಜಿನತ್ತ ನೋಡಿದವರೇ, “ಹೊತ್ತ ಮುಳಗೇತಿ” ಎಂದು ಅರ್ಧ ರೊಟ್ಟಿಗೇ ಕೈತೊಳೆದರು. ಹೊರಗೆ ಸೂರ್ಯ ಇನ್ನೂ ಕಬ್ಬಿನ ಹೊಲದ ಮೇಲೇ ಇದ್ದ.

ಆ ಗಾಜು ತೆಗೆದಿಟ್ಟೆ. ನಿನ್ನೆ ಚಿಕ್ಕೋಡಿಯ ಆಫೀಸಿನಿಂದ ಬಂದಾಗ ಕೋಣೆಯ ತುಂಬ ಬೆಳಕು. ಅತ್ತೆ ಒಳಗಿಂದಲೇ ಕೂಗಿದರು: “ಲಗೂನ ಬಾರವ್ವಾ, ಇನ್ನೂ ಹೊತ್ತೈತಿ. ನಿನ್ನ ತಾಟೂ ಹಚ್ಚೇನಿ.”

ಮದುವೆಯಾದಾಗಿನಿಂದ ನಾನು ಆಫೀಸಿನಿಂದ ಬರುವಷ್ಟರಲ್ಲಿ, ನಮ್ಮ ಕತ್ತಲೆ ಅಡುಗೆಮನೆಯಲ್ಲಿ ಹೊತ್ತು ಮುಳುಗಿತೆಂದುಕೊಂಡು ಅವರ ಊಟ ಬೇಗನೇ ಮುಗಿದಿರುತ್ತಿತ್ತು. ನಿನ್ನೆ ಖಾಲಿ ಚೌಕಟ್ಟಿನ ಗಾಳಿಗೆ ಇಬ್ಬರೂ ನಡುಗುತ್ತ, ನಗುತ್ತ ಉಂಡೆವು.

ಆದ್ದರಿಂದ ಎರಡು ಪದರದ ಪ್ಲೇನ್ ಗಾಜನ್ನೇ ಹಾಕಿ. ಹಗಲಿನ ಬಿಸಿ ಒಳಗೇ ನಿಂತರೆ ಹೀಟರ್ ಬೇಕಾಗುವುದಿಲ್ಲ. ಬೇಸಿಗೆಗೆ ಬಿದಿರಿನ ಪರದೆ ಕಟ್ಟಿಕೊಳ್ಳುತ್ತೇವೆ.

ಗಾಜು ಬೇಗ ತನ್ನಿ ಅಣ್ಣಾ. ಚಳಿಗಾಲದ ಹೊತ್ತು ಯಾರಿಗೂ ಕಾಯುವುದಿಲ್ಲ. ನಾಳೆಯಿಂದ ನಾನೂ ಒಂದು ಬಸ್ಸು ಮೊದಲೇ ಹಿಡಿಯುತ್ತೇನೆ.

ನಿಮ್ಮ ತಂಗಿ,
ರೂಪಾಲಿ