ಖಾಲಿ ಡಬ್ಬಿ ವಾಪಸು

ಬೇಲೂರು ಸ್ಟೇಷನ್ನಿನ ಯಜಮಾನಿ ಉಷಕ್ಕನಿಗೆ ಅರಸೀಕೆರೆ ಯಾರ್ಡಿನಿಂದ ನಿನ್ನ ತಮ್ಮ ಚಿದಂಬರ ಮಾಡುವ ನಮಸ್ಕಾರ.

ಫೋನಿರುವಾಗ ಕಾಗದವೇಕೆ ಎಂದು ಕೇಳಬೇಡ. ಫೋನು ನೀನು ಎತ್ತುವುದಿಲ್ಲ, ಮೆಸೇಜು ನೀನು ಒತ್ತುವುದಿಲ್ಲ. ಶುರುವಿನಲ್ಲೇ ಪ್ರಾಸ ಬಂತೆಂದು ಮುಖ ಗಂಟಿಕ್ಕಬೇಡ. ಕನ್ನಡದಲ್ಲಿ ಬಿ.ಎ. ಮಾಡಿ ನಾನು ಮನೆಗೆ ತಂದದ್ದು ಅದೊಂದನ್ನೇ.

ವಿಷಯಕ್ಕೆ ಬರುತ್ತೇನೆ. ನೀನು ನಮ್ಮ ಕಂಪ್ಯೂಟರಿನ ರೈಲಾಟ ಬಿಟ್ಟು ತಿಂಗಳಾಗುತ್ತಾ ಬಂತು. ಪರದೆಯ ಮೇಲೆ ಬೇಲೂರಿನ ಸಿಗ್ನಲ್ಲು ಅಂದಿನಿಂದಲೂ ಕೆಂಪಗಿದೆ. ಹಳೇಬೀಡು ಸ್ಟೇಷನ್ ನೋಡಿಕೊಳ್ಳುವ ಧರ್ಮೇಶ್ ಸಿಮೆಂಟಿನ ಗಾಡಿಯನ್ನು ನಿನ್ನ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಾನೆ. "ಉಷಕ್ಕ ಒಳಗೆ ಬಿಡ್ತಾರೋ, ಇಲ್ಲ ನಾನು ಇಲ್ಲೇ ಒಂದು ಮನೆ ಕಟ್ಕೊಳ್ಲೋ? ಸಿಮೆಂಟಂತೂ ಐತೆ" ಎಂದು ದಿನಾ ಕೇಳುತ್ತಾನೆ.

ನಿನ್ನನ್ನು ಆಟಕ್ಕೆ ಎಳೆದವನು ನಾನೇ. ಬಸ್ ಸ್ಟ್ಯಾಂಡ್ ಪಕ್ಕದ ನಿನ್ನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿತ್ತು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಿದ್ದವು. ಬಾಣಾವರದಲ್ಲಿ ಕವಲೊಡೆದು, ಜಾವಗಲ್ಲು, ಹಳೇಬೀಡು ಹಾದು ಬೇಲೂರು ಮುಟ್ಟುವ ಹಳಿಯನ್ನು ಪರದೆಯ ಮೇಲೆ ನಾವು ನಾಲ್ವರೇ ಎಳೆದೆವು. ಸರ್ವೆ ಇಲ್ಲ, ಶಂಕುಸ್ಥಾಪನೆ ಇಲ್ಲ, ಭಾಷಣ ಇಲ್ಲ. ಪ್ಯಾಸೆಂಜರ್ ಬೇಡ, ಗೂಡ್ಸ್ ಸಾಕು ಎಂದವಳು ನೀನು. "ಜನ ಎಲ್ಲಿಗ್ ಬೇಕಾದ್ರೂ ಹೋಗ್ತಾರೆ, ಯಾಕೆ ಅಂತ ಕೇಳಕ್ಕಾಗಲ್ಲ. ಸಾಮಾನು ಹಂಗಲ್ಲ ಕಣೋ, ಅದು ಹೊರಟರೆ ಕಾರಣ ಇರುತ್ತೆ."

ಆ ಮಾತನ್ನೇ ಕುಟ್ಟಿ ತಟ್ಟಿ ನಾನು ನಿಯಮ ಮಾಡಿದೆ: ಕಾರಣವಿಲ್ಲದೆ ಗಾಡಿ ಕದಲಬಾರದು, ಚೀಟಿಯಲ್ಲಿದ್ದ ಊರು ಬದಲಬಾರದು. ಪ್ರತಿ ಗಾಡಿಗೂ ಪರದೆಯಲ್ಲಿ ಒಂದು ಚೀಟಿ: ಒಳಗೇನಿದೆ, ಎಲ್ಲಿಂದ, ಯಾರಿಗೆ. ಅರಸೀಕೆರೆಯಿಂದ ಗೊಬ್ಬರ, ಸಿಮೆಂಟು, ಡೀಸೆಲ್ಲು ನಿನಗೆ ಬರಬೇಕು. ಕೊಯ್ಲಿನ ಕಾಲದಲ್ಲಿ ಅರೇಹಳ್ಳಿ ಕಡೆಯ ಕಾಫಿ ನಿನ್ನಿಂದ ಹೊರಡಬೇಕು. ಉಳಿದ ದಿನಗಳಲ್ಲಿ ಇಳಿಸಿಕೊಂಡ ಗಾಡಿ ಖಾಲಿಯಾಗಿಯೇ, ಅದು ಬೇಕಾದವರ ಊರಿಗೆ ಹೋಗಬೇಕು. ನಿಜವಾದ ರೈಲಿನಲ್ಲೂ ಹಾಗೇ.

ಎಡವಟ್ಟಾದದ್ದು ಒಂದು ಪದದಿಂದ. ಆಟದ ಇಂಗ್ಲಿಷ್ ಗುಂಡಿಗಳಿಗೆಲ್ಲ ಕನ್ನಡ ತೊಡಿಸುವ ಉಮೇದಿನಲ್ಲಿ ವ್ಯಾಗನ್ನಿಗೆ ನಾನು 'ಡಬ್ಬಿ' ಎಂದು ಬರೆದೆ. ರೈಲು ಡಬ್ಬಿ ಎಂದು ಊರೆಲ್ಲ ಅನ್ನುತ್ತದಲ್ಲ. ನೀನು ಗೊಬ್ಬರ ಇಳಿಸಿಕೊಂಡ ಕೂಡಲೇ ಪರದೆ ನಿನಗೆ ಆಜ್ಞೆ ಮಾಡಿತು: "ಖಾಲಿ ಡಬ್ಬಿ ವಾಪಸು ಕಳಿಸಿ."

ಅಮ್ಮನ ಕೈಯಲ್ಲಿ ಬೆಳೆದವಳು ನೀನು. ಪಕ್ಕದ ಮನೆಯ ದೇವೀರಮ್ಮ ಹುಳಿ ಕೊಟ್ಟ ಪಾತ್ರೆಯನ್ನು ತೊಳೆದು ಹಾಗೇ ಕೊಡಲು ಹೊರಟ ನಿನ್ನ ತಲೆಗೆ ಅಮ್ಮ ಮೊಟಕಿದ್ದು ನನಗೂ ನೆನಪಿದೆ. "ಬರೀ ಪಾತ್ರೆ ಕೊಡ್ತಾರೇನೇ? ನಾಲ್ಕು ಕಾಳು ಸಕ್ಕರೆನಾದ್ರೂ ಹಾಕೇ!"

ನೀನು ಒಂದೊಂದು ಡಬ್ಬಿಗೂ ಒಂದೊಂದು ಅಚ್ಚು ಬೆಲ್ಲ ಹಾಕಿದೆ. ಡೀಸೆಲ್ ಟ್ಯಾಂಕರಿಗೆ ಬೆಲ್ಲ ಸರಿಹೋಗುವುದಿಲ್ಲವೆಂದು ಮಜ್ಜಿಗೆ ತುಂಬಿದೆ. ಮೇಲ್ಛಾವಣಿ ಇಲ್ಲದ ಗಾಡಿಯ ಚೀಟಿಯಲ್ಲಿ "ಮಲ್ಲಿಗೆ, ಎರಡು ಮೊಳ, ಹಾರದಂತೆ ಕಟ್ಟಿದೆ" ಎಂದಿತ್ತು. ಬಾಣಾವರ ಸ್ಟೇಷನ್ ನೋಡಿಕೊಳ್ಳುವ ಚೇತನ್‌ಕುಮಾರ್ ಅದನ್ನು ಓದಿ ನನಗೆ ಫೋನು ಮಾಡಿದ. "ಚಿದಂಬರಣ್ಣ, ಇಡೀ ಗೂಡ್ಸಿಗೆ ಒಂದು ಬುಟ್ಟಿ ಬೆಲ್ಲ ಬಂದೈತೆ. ಎಂಜಿನ್ನಿಗೆ ಪಾನಕ ಮಾಡಿ ಕುಡಿಸ್ಲಾ?"

ಅವನ ತಾಪತ್ರಯ ನಿಜವಾದದ್ದು. ಬಾಣಾವರದಲ್ಲಿ ರಾಗಿ ರಾಶಿ ಬಿದ್ದಿತ್ತು, ತುಂಬಲು ಅವನಿಗೆ ಖಾಲಿ ಡಬ್ಬಿ ಬೇಕಿತ್ತು. ನೀನು ಕಳಿಸಿದವೆಲ್ಲ ಲೆಕ್ಕದಲ್ಲಿ ತುಂಬಿದ ಡಬ್ಬಿಗಳು, ಅವನು ಮುಟ್ಟುವಂತಿಲ್ಲ. ಅವು ನೆಟ್ಟಗೆ ನನ್ನ ಯಾರ್ಡಿಗೆ ಬಂದವು. ನಮ್ಮ ನಕ್ಷೆಯ ಅರಸೀಕೆರೆಯಲ್ಲಿ ಬೆಲ್ಲ ಇಳಿಸಿಕೊಳ್ಳುವವರು ಯಾರೂ ಇಲ್ಲ. ಅಲ್ಲೇ ನಿಂತವು. "ಉಷಕ್ಕ, ಇದು ರೈಲು, ಬೀಗರ ಮನೆಯಲ್ಲ" ಎಂದು ಚೇತನ್ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದ. ಖಾಲಿ ಎಂದರೆ ಖಾಲಿ ಎಂದು ನಾನು ಆದೇಶ ಹೊರಡಿಸಿದೆ. ನೀನು "ಸರಿ, ಖಾಲಿ ಮಾಡ್ತೀನಿ" ಎಂದು ಬರೆದು ಸ್ಟೇಷನ್ನನ್ನೇ ಖಾಲಿ ಮಾಡಿ ಹೋದೆ.

ಆದೇಶ ಈಗಲೂ ಸರಿಯೇ. ಹಿಂತೆಗೆದುಕೊಳ್ಳುತ್ತಿಲ್ಲ.

ಇನ್ನೊಂದು ಯಾರ್ಡಿನ ಸಂಗತಿ ಹೇಳುವುದಿದೆ. ಅದು ನನ್ನ ಅಡುಗೆಮನೆಯ ಮೇಲಿನ ಗೂಡು. ಕಂಡಕ್ಟರ್ ಗಿಡ್ಡಪ್ಪನ ಕೈಯಲ್ಲಿ ನೀನು ಚಟ್ನಿಪುಡಿಯನ್ನೋ ನಿಪ್ಪಟ್ಟನ್ನೋ ತುಂಬಿ ಕಳಿಸುತ್ತಿದ್ದ ಸ್ಟೀಲ್ ಡಬ್ಬಿಗಳನ್ನು ಶಿಲ್ಪಾ ಇದ್ದಾಗ ಕೊಬ್ಬರಿ ಮಿಠಾಯಿ ತುಂಬಿ ವಾಪಸು ಮಾಡುತ್ತಿದ್ದಳು. ನಾನೂ ಅವಳೂ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಸಹಿ ಹಾಕಿ ಬೇರೆಯಾದ ಮೇಲೆ ಆ ಕೆಲಸ ನನಗೆ ಬಂತು. ನನಗೆ ಮಾಡಲು ಬರುವುದು ಅನ್ನ ಮತ್ತು ಪ್ರಾಸ. ಎರಡೂ ಆಗಾಗ ತಳ ಹಿಡಿಯುತ್ತವೆ. ಅಂಗಡಿಯ ಮೈಸೂರುಪಾಕು ತುಂಬಿದರೆ ಮುಚ್ಚಳ ತೆಗೆಯುವ ಮೊದಲೇ ನಿನಗೆ ಗೊತ್ತಾಗುತ್ತದೆ. ಹಾಕಲು ಏನೂ ಇರಲಿಲ್ಲ. ಬರಿದೇ ಕಳಿಸಲು ಮನಸ್ಸು ಬರಲಿಲ್ಲ. ನಾನೂ ಅದೇ ಅಮ್ಮನ ಮಗ.

"ಡಬ್ಬಿ ಕಳಿಸೋ ಚಿದೂ, ಇಲ್ಲಿ ಒಂದೂ ಉಳಿದಿಲ್ಲ" ಎಂದು ಆಗೆಲ್ಲ ಫೋನಿನಲ್ಲಿ ನೀನು ಹೇಳುತ್ತಿದ್ದೆ, ನಾನು ಹೂಂ ಎಂದು ಮಾತು ಬದಲಿಸುತ್ತಿದ್ದೆ. ಆಮೇಲೆ ನಿನ್ನ ಚಟ್ನಿಪುಡಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಂತು. ಆಮೇಲೆ ಹಾಲಿನ ಕವರಿನಲ್ಲಿ, ದಾರ ಸುತ್ತಿಕೊಂಡು. ಆಮೇಲೆ ಬರಲಿಲ್ಲ. ರೈಲಾಟದ ಸಿಟ್ಟು ಅಡುಗೆಮನೆಗೂ ಇಳಿಯಿತು ಎಂದುಕೊಂಡೆ.

ಮೊನ್ನೆ ಟೀಪುಡಿಗೆ ಕೈ ಹಾಕಿದಾಗ ಗೂಡಿನಿಂದ ಒಂದು ಡಬ್ಬಿ ತಲೆಯ ಮೇಲೆ ಬಿತ್ತು. ತಲೆ ಉಜ್ಜಿಕೊಳ್ಳುತ್ತಾ ಮೇಲೆ ನೋಡಿದೆ. ಸಾಲಾಗಿ ನಿಂತಿದ್ದವು, ಹಳಿ ತುಂಬ ನಿಂತ ಗೂಡ್ಸಿನ ಹಾಗೆ. ಬೇಲೂರಿನಲ್ಲಿ ತುಂಬಲು ಡಬ್ಬಿಯಿಲ್ಲ, ಅರಸೀಕೆರೆಯಲ್ಲಿ ಡಬ್ಬಿ ಇಡಲು ಜಾಗವಿಲ್ಲ. ಖಾಲಿ ಅಂದರೆ ಕೊಡಲು ಏನೂ ಇಲ್ಲದ್ದು ಎಂದು ಅಮ್ಮ ಕಲಿಸಿದ್ದಳು. ಬಾಣಾವರದ ಹುಡುಗ ದಿನಾ ಬೆಳಗ್ಗೆ "ಬೇಕು" ಎಂದು ಬರೆಯುವುದು ಖಾಲಿಯನ್ನೇ.

ಅದಕ್ಕೆ ಈ ಚೀಲ. ಗಿಡ್ಡಪ್ಪ ಕೊಟ್ಟಾಗ ಬಿಚ್ಚಿ ನೋಡು. ನಿನ್ನ ಡಬ್ಬಿಗಳೆಲ್ಲ ಇವೆ, ತೊಳೆದು ಒರೆಸಿದ್ದೇನೆ. ಒಂದರ ಮುಚ್ಚಳ ಮಾತ್ರ ಶಿಲ್ಪಾಳ ಡಬ್ಬಿಯದು, ಸ್ವಲ್ಪ ಒತ್ತಿದರೆ ಕೂರುತ್ತದೆ. ಒಳಗೆ ಏನೂ ಹಾಕಿಲ್ಲ. ಸಕ್ಕರೆ ಡಬ್ಬದವರೆಗೆ ಕೈ ಹೋಗಿತ್ತು, ತಡೆದೆ. ಈ ಕಾಗದವನ್ನೂ ಒಳಗಿಟ್ಟಿಲ್ಲ, ಇಟ್ಟರೆ ಖಾಲಿ ಎನ್ನಲಾಗುವುದಿಲ್ಲ. ಚೀಲದ ಬಾಯಿಗೆ ಕಟ್ಟಿದ್ದೇನೆ.

ಆಟದಲ್ಲಿ ನಿಂತ ಬೆಲ್ಲದ ಚಿಂತೆ ನಿನಗೆ ಬೇಡ. ಪರದೆಯ ಅರಸೀಕೆರೆಯ ಗೂಡ್ಸ್ ಶೆಡ್ ಪಕ್ಕ ಒಂದು ಪಾನಕದ ಅಂಗಡಿ ಕಟ್ಟಿ ಎಲ್ಲವನ್ನೂ ಇಳಿಸಿಕೊಂಡೆ. ಇನ್ನು ಮುಂದೆ ಬೆಲ್ಲ ಹೊರಡುವುದಕ್ಕೂ ಕಾರಣ ಇರುತ್ತದೆ. ಚೇತನ್ ಮೊದಲು ಗೊಣಗಿದ, ಆಮೇಲೆ "ಮಜ್ಜಿಗೆ ಟ್ಯಾಂಕರ್ ಒಂದು ಬಂದ್ರೆ ನಾನೇನೂ ನೋಡ್ಲಿಲ್ಲ ಅಂತ ಉಷಕ್ಕಂಗೆ ಹೇಳಣ್ಣ, ಬ್ಯಾಸ್ಗೆ" ಎಂದ.

ಸ್ಟೀಲ್ ಡಬ್ಬಿಗಳಿಗೂ ಒಂದೊಂದು ಚೀಟಿ ಅಂಟಿಸಿದ್ದೇನೆ. ಒಳಗೇನಿದೆ: ಖಾಲಿ. ಎಲ್ಲಿಂದ: ಅರಸೀಕೆರೆ. ಯಾರಿಗೆ: ಉಷಕ್ಕನಿಗೆ, ತುಂಬಲು.

ಕೊನೆಗೊಂದು ಪ್ರಾಸ ಹುಡುಕಿದೆ, ಸಿಗಲಿಲ್ಲ. ಹಾಗೇ ಬರೆಯುತ್ತೇನೆ: ಚೆನ್ನಾಗಿರು ಅಕ್ಕ.

ನಿನ್ನ
ಚಿದೂ